ನೆಟ್ಟಗೆ ನಿಂತಿದ್ದ ಕುರ್ಚಿ

“ಹಿಂದಕ್ಕೆ ತಿರುಗಿಸು, ಸೋಲ್. ಕುರ್ಚಿ ಬೀಳೋ ಜಾಗಕ್ಕೆ ಇನ್ನೊಂದ್ಸಲ ಹೋಗು.”

“ಆಗಲೇ ಎಷ್ಟು ಸಲ ನೋಡಿದೀಯ. ಮತ್ತೆ ನೋಡಿದ್ರೆ ಬಿದ್ದ ಕುರ್ಚಿ ಎದ್ದು ನಿಲ್ಲುತ್ತೇನಯ್ಯಾ?”

“ಎದ್ದು ನಿಂತಿದೆ ಸೋಲ್. ನನ್ನ ತಲೆ ಕೆಟ್ಟಿರೋದೇ ಅದಕ್ಕೆ.”

ಎಡಿಟರ್ ಸೋಲ್ ಫೈನ್‌ಮನ್ ಹೊತ್ತಿಸದ ಚುಟ್ಟವನ್ನು ಬಾಯಿಯ ಈ ಕಡೆಯಿಂದ ಆ ಕಡೆಗೆ ದೂಡಿ, ಎಡಿಟಿಂಗ್ ಯಂತ್ರದ ಪೆಡಲನ್ನು ಕಾಲಿನಿಂದ ಒತ್ತಿದ. ಆ ಕೋಣೆಯಲ್ಲಿ ಕಡ್ಡಿ ಗೀರಿದರೆ ಫಿಲ್ಮು ಕರ್ಪೂರದ ಹಾಗೆ ಹತ್ತಿಕೊಳ್ಳುತ್ತದೆ. ಅದಕ್ಕೇ ಮುದುಕ ಇಡೀ ದಿನ ಚುಟ್ಟವನ್ನು ಜಗಿಯುತ್ತಾನೆ, ಮನೆಗೆ ಹೋದ ಮೇಲೆ ಸೇದುತ್ತಾನೆ. ಅಂಗೈಯಗಲದ ಪರದೆಯ ಮೇಲೆ ಬೊಂಬೆಗಳಂಥ ಪುಟ್ಟ ಆಕೃತಿಗಳು ಮತ್ತೆ ಓಡಾಡತೊಡಗಿದವು.

ನಿರ್ದೇಶಕ ಕಾನ್ರಾಡ್ ಆಶ್ಬಿ ತಲೆಯೊಡೆದು ಸತ್ತ ಶುಕ್ರವಾರವೇ ತೆಗೆದ ದೃಶ್ಯ ಅದು. ಅವನ ಕೊನೆಯ ಚಿತ್ರದ ಕೊನೆಯ ದೃಶ್ಯ. ಸಾವಿನ ಗದ್ದಲದಲ್ಲಿ ಲ್ಯಾಬಿನ ಮೂಲೆಯಲ್ಲಿ ಮರೆತುಹೋಗಿದ್ದ ಆ ಫಿಲ್ಮಿನ ಡಬ್ಬಿ ಆ ಬೆಳಿಗ್ಗೆಯಷ್ಟೇ ಸೋಲ್‌ನ ಕೈಸೇರಿತ್ತು. ಡಬ್ಬಿ ತೆರೆದವನೇ ಅವನು ಮಾಡಿದ ಮೊದಲ ಕೆಲಸವೆಂದರೆ ಖಾಸಗಿ ಪತ್ತೇದಾರ ಗಸ್ ಹ್ಯಾಲೊರನ್‌ಗೆ ಫೋನು ಮಾಡಿದ್ದು.

ಪರದೆಯ ಮೇಲೂ ಒಬ್ಬ ಪತ್ತೇದಾರ. ಟೋಪಿ ಹಣೆಗಿಳಿದಿದೆ. ಎದುರಿಗೆ ಕೊಲೆ ಮಾಡಿದ ಹೆಂಗಸು ನಿಂತಿದ್ದಾಳೆ, ಅವನು ಪ್ರಾಣದಂತೆ ಪ್ರೀತಿಸಿದವಳು. ಅವನು ಬಾಗಿಲ ಕಡೆ ಕಣ್ಣು ಹಾಯಿಸುತ್ತಾನೆ, ಹೋಗು ಎನ್ನುವಂತೆ. ಅವಳು ಓಡುವ ಅವಸರದಲ್ಲಿ ಕುರ್ಚಿ ಉರುಳುತ್ತದೆ, ಅವಳ ಕೈಗವಸು ನೆಲಕ್ಕೆ ಬೀಳುತ್ತದೆ. ಅವನು ಗ್ಲಾಸಿನಲ್ಲಿದ್ದದ್ದನ್ನು ಒಂದೇ ಗುಟುಕಿಗೆ ಕುಡಿದು, ಗ್ಲಾಸನ್ನು ಮೇಜಿನ ಮೇಲೆ ಕವುಚಿ ಹಾಕುತ್ತಾನೆ. ಅಷ್ಟೇ. ಮುಗಿಯಿತು.

“ಈ ಕ್ಲೈಮ್ಯಾಕ್ಸ್ ಇದೆ ಅಂತ ನನಗೇ ಗೊತ್ತಿರ್ಲಿಲ್ಲ ಕಣಯ್ಯಾ,” ಎಂದ ಸೋಲ್. “ಕಥೇಲಿ ಅವನು ಅವಳನ್ನ ಪೊಲೀಸರಿಗೆ ಒಪ್ಪಿಸಬೇಕು. ಬುಧವಾರ ಹಾಗೇ ತೆಗೆದಿದ್ರು. ಸೆನ್ಸಾರಿನವರಿಗೂ ಅದೇ ಬೇಕು, ತಪ್ಪು ಮಾಡಿದವರು ಸಿನಿಮಾದಲ್ಲಾದ್ರೂ ಜೈಲಿಗೆ ಹೋಗದಿದ್ರೆ ಅವರಿಗೆ ನಿದ್ದೆ ಹತ್ತಲ್ಲ. ಈ ಆಶ್ಬಿ ನೋಡು, ಶುಕ್ರವಾರ ನಾಲ್ಕೇ ಜನ ಇಟ್ಕೊಂಡು ಕದ್ದು ಇನ್ನೊಂದು ತೆಗೆದಿದಾನೆ. ಅವರ ಬಾಯಿಗೂ ಬೀಗ ಹಾಕಿದಾನೆ.”

ಹ್ಯಾಲೊರನ್ ಜೇಬಿನಿಂದ ಒಂದು ಫೋಟೋ ತೆಗೆದು ದೀಪದ ಕೆಳಗಿಟ್ಟ. ಶನಿವಾರ ಬೆಳಿಗ್ಗೆ ಪೊಲೀಸರು ತೆಗೆದದ್ದು. ಅದೇ ಸೆಟ್ಟು, ಅದೇ ಮೇಜು. ನೆಲದ ಮೇಲೆ ಆಶ್ಬಿಯ ಹೆಣ, ಪಕ್ಕದಲ್ಲಿ ರಕ್ತ ಮೆತ್ತಿದ ಮರಳಿನ ಚೀಲ. ದೀಪದ ಕಂಬಗಳು ಅಲುಗದಂತೆ ಬುಡಕ್ಕೆ ಹೇರುವ ಚೀಲ ಅದು.

“ಹೆಣ ಬಿಡು. ಮೇಜು ನೋಡು.”

ಸೋಲ್ ಕನ್ನಡಕ ಸರಿಮಾಡಿಕೊಂಡು ಬಗ್ಗಿದ. ಕುರ್ಚಿ ನೆಟ್ಟಗೆ ನಿಂತಿತ್ತು. ಗ್ಲಾಸು ಬಾಯಿ ಮೇಲೆ ಮಾಡಿಕೊಂಡಿತ್ತು, ಅದರಲ್ಲಿ ಎರಡು ಬೆರಳಿನಷ್ಟು ಪಾನೀಯ. ಕೈಗವಸು ಮೇಜಿನ ಅಂಚಿನಲ್ಲಿ, ಬೆರಳುಗಳು ಕಿಟಕಿಯ ಕಡೆಗೆ.

“ಶೂಟಿಂಗ್ ಮುಗಿದ ಮೇಲೆ ಯಾರಾದ್ರೂ ಸೆಟ್ಟನ್ನ ಜೋಡಿಸಿಡ್ತಾರಾ?”

“ಜೋಡಿಸಿದ್ರೆ ಕೈ ಕತ್ತರಿಸ್ತಾರೆ! ಮಾರನೇ ದಿನ ಹತ್ತಿರದ ಶಾಟ್ ತೆಗೀಬೇಕಲ್ಲ? ಬಿದ್ದದ್ದು ಬಿದ್ದ ಹಾಗೇ ಇರ್ಬೇಕು. ಸುತ್ತ ಹಗ್ಗ ಕಟ್ಟಿ ಹೋಗ್ತಾರೆ, ಕಸ ಗುಡಿಸೋವನೂ ಒಳಗೆ ಕಾಲಿಡಲ್ಲ.” ಮಾತಾಡುತ್ತಾ ಆಡುತ್ತಾ ಸೋಲ್‌ನ ದನಿ ತಗ್ಗಿತು. “ಗಸ್, ಇದು ಬುಧವಾರದ ಸೆಟ್ಟು.”

“ಹೌದು. ಆಶ್ಬಿ ಸತ್ತ ಮೇಲೆ ಯಾರೋ ಬಂದಿದಾರೆ. ಬಂದು ಎಲ್ಲಾನೂ ಬುಧವಾರ ಹೇಗಿತ್ತೋ ಹಾಗೇ ಇಟ್ಟು ಹೋಗಿದಾರೆ. ಗ್ಲಾಸಿಗೆ ವಿಸ್ಕಿಯ ಬದಲು ಹಾಕೋ ಚಹಾನ ಅಷ್ಟೇ ಹೊಯ್ದು, ಕೈಗವಸನ್ನ ಅದೇ ದಿಕ್ಕಿಗೆ ತಿರುಗಿಸಿ. ಅವರಿಗೆ ಶುಕ್ರವಾರದ ವಿಷಯ ಗೊತ್ತಿಲ್ಲ.”

“ಅಷ್ಟು ಕರಾರುವಾಕ್ಕಾಗಿ, ಬರೆದಿಟ್ಟದ್ದನ್ನ ನೋಡದೇನೇ ಜೋಡಿಸೋರು ಈ ಸ್ಟುಡಿಯೋದಲ್ಲಿ ಒಬ್ಬಳೇ…”

“ಹೆಸರು ಹೇಳ್ಬೇಡ, ಸೋಲ್.”

ಮುದುಕ ಬಾಯಿಂದ ಚುಟ್ಟ ತೆಗೆದು ಕಸದ ಬುಟ್ಟಿಗೆ ಹಾಕಿದ.

ಹೇಳದಿದ್ದರೇನು, ಹೆಸರು ಹ್ಯಾಲೊರನ್‌ನ ಎದೆಯಲ್ಲಿ ಕೂತು ಕುಟ್ಟುತ್ತಿತ್ತು. ಲೋರ್ನಾ ವೀಸ್. ಈ ಶಾಟಿಗೂ ಮುಂದಿನ ಶಾಟಿಗೂ ನಡುವೆ ನಾಯಕನ ಸಿಗರೇಟು ಉದ್ದವಾಗದಂತೆ, ನಾಯಕಿಯ ಮುಂಗುರುಳು ಪಕ್ಕ ಬದಲಿಸದಂತೆ ಕಾಯುವವಳು. ಉಳಿದ ಸ್ಟುಡಿಯೋಗಳಲ್ಲಿ ಆ ಕೆಲಸದವರು ಬರೆದಿಟ್ಟುಕೊಳ್ಳುತ್ತಾರೆ. ಲೋರ್ನಾ ಒಮ್ಮೆ ನೋಡುತ್ತಾಳೆ, ಮುಗಿಯಿತು. ಅವನ ಮುಖವನ್ನೂ ಅವಳು ಹಾಗೇ ನೋಡುತ್ತಿದ್ದಳು. ಆ ನೋಟಕ್ಕಾಗಿ ನಲವತ್ತು ದಾಟಿದ ಗಂಡಸು ಹದಿನೆಂಟರ ಹುಡುಗನ ಹಾಗೆ ದಿನಾ ಗಡ್ಡ ಹೆರೆದುಕೊಳ್ಳಲು ಶುರುಮಾಡಿದ್ದ, ನಗಬೇಡಿ.

ಶುಕ್ರವಾರ ಅವಳು ಸೆಟ್ಟಿನಲ್ಲಿರಲಿಲ್ಲ ಏಕೆ? ಅವನೇ ಊಟಕ್ಕೆ ಕರೆದಿದ್ದ. ರಜೆ ಕೇಳಿದಾಗ ಆಶ್ಬಿ ಬೇರೆ ದಿನಗಳ ಹಾಗೆ ಸಿಡುಕದೆ, ಹೋಗಿ ಬಾ ಎಂದು ನಕ್ಕನಂತೆ. ಈಗ ಗೊತ್ತಾಯಿತು ಆ ನಗುವಿನ ಅರ್ಥ.

*

ಸ್ಟುಡಿಯೋ ಎದುರಿನ ಔಷಧಿ ಅಂಗಡಿಯ ಫೋನಿನ ಗೂಡಿನಲ್ಲಿ ಹ್ಯಾಲೊರನ್ ಬಹಳ ಹೊತ್ತು ರಿಸೀವರ್ ಹಿಡಿದು ನಿಂತ. ಹೊರಗೆ ಅಂಗಡಿಯದೇ ತಿಂಡಿ ಕೌಂಟರಿನಲ್ಲಿ ಹುಡುಗಿಯರು ಐಸ್‌ಕ್ರೀಂ ತಿನ್ನುತ್ತಾ ಯಾರದೋ ಮದುವೆಯ ಸುದ್ದಿ ಆಡಿಕೊಳ್ಳುತ್ತಿದ್ದರು.

ಸುಮ್ಮನಿದ್ದುಬಿಡಬಹುದಿತ್ತು. ಸೋಲ್ ಬಾಯಿ ಬಿಡುವವನಲ್ಲ. ಆದರೆ ಪೆಪೆ ಒರ್ಟೇಗಾ? ಮೇಲಿನ ಹಲಗೆಯ ಮೇಲೆ ದೀಪ ತಿರುಗಿಸುವ ಬಡಪಾಯಿ. ಕೊಲೆಯ ಹಿಂದಿನ ದಿನ ಆಶ್ಬಿಯ ಜೊತೆ ಜಗಳವಾಡಿದ್ದ, ಅದೇ ಅವನ ಪಾಪ. ನಾಳೆ ಬೆಳಿಗ್ಗೆ ಅವನನ್ನು ಕೋರ್ಟಿಗೆ ನಿಲ್ಲಿಸುತ್ತಾರೆ, ಕೊಲೆಯ ಆಪಾದನೆ. ಅವನ ಹೆಂಡತಿ ರೊಸಾರಿಯೊ ಹ್ಯಾಲೊರನ್‌ನ ಆಫೀಸಿಗೆ ಬಂದು ಎರಡೂ ಕೈ ಹಿಡಿದು, “ನನ್ನ ಗಂಡ ಇರುವೆಗೂ ನೋವು ಮಾಡಿದವನಲ್ಲ ಸ್ವಾಮೀ” ಎಂದಿದ್ದಳು. ನಿಜ ಏನೇ ಇರಲಿ ಹೊರಗೆ ತರುತ್ತೇನೆ ಎಂದು ಅವನು ಮಾತು ಕೊಟ್ಟಿದ್ದ. ನಿಜ ಇಂಥಾದ್ದು ಎಂದು ಯಾರಿಗೆ ಗೊತ್ತಿತ್ತು?

ಹಾಳಾಗಿ ಹೋಗಲಿ ಎಂದು ನಂಬರು ತಿರುಗಿಸಿದ.

“ಕ್ಯಾಲ್ವರ್ಟನ್ ಠಾಣೆ. ಕೀಗನ್.”

“ನಾನು ಗಸ್.”

“ಬಾರಪ್ಪಾ ಮಹಾರಾಯ! ಬದುಕಿದ್ದೀಯಾ? ನಿನ್ನೆ ರಾತ್ರಿ ಇಸ್ಪೀಟಿಗೆ ಬರದೇ ನಮ್ಮ ಆಟ ಕೆಡಿಸಿದೆಯಲ್ಲೋ.”

ಲೆಫ್ಟಿನೆಂಟ್ ಡ್ಯಾನ್ ಕೀಗನ್ ಅವನ ಹಳೆಯ ಗೆಳೆಯ. ಇಬ್ಬರೂ ಒಂದೇ ಜೀಪಿನಲ್ಲಿ ಗಸ್ತು ತಿರುಗಿದವರು, ಒಂದೇ ತಟ್ಟೆಯಲ್ಲಿ ಉಂಡವರು. ಹ್ಯಾಲೊರನ್ ಕೆಲಸ ಬಿಟ್ಟ, ಕೀಗನ್ ಮೇಲೇರಿದ. ಆಶ್ಬಿಯ ಕೇಸು ಕೀಗನ್‌ನದೇ. ಪೊಲೀಸ್ ದೃಶ್ಯಗಳಿಗೆ ಸಲಹೆ ಕೊಡಲು ಸ್ಟುಡಿಯೋ ಅವನನ್ನೇ ಕರೆಸುತ್ತಿದ್ದರಿಂದ ಅಲ್ಲಿನ ಗೇಟಿನವನಿಗೂ ಅವನ ಪರಿಚಯ. ಆ ಫೋಟೋವನ್ನು ಕೊಟ್ಟವನೂ ಅವನೇ, ಸ್ನೇಹದ ಸಲುವಾಗಿ.

“ಡ್ಯಾನ್, ಪೆಪೆ ಕೊಲೆ ಮಾಡಿಲ್ಲ.”

“ಮತ್ತೆ ಶುರುಮಾಡಿದ್ಯಾ? ನೋಡೋ, ಸೆಟ್ಟಿನಲ್ಲಿ ಒಂದು ಕಡ್ಡಿ ಅಲುಗಿಲ್ಲ. ಕೆಳಗೆ ಕೈಕೈ ಮಿಲಾಯಿಸಿದ್ರೆ ಮೇಜು ಕುರ್ಚಿ ನೆಟ್ಟಗಿರ್ತಿತ್ತಾ? ಚೀಲ ಮೇಲಿಂದ ಬಿದ್ದಿದೆ. ಮೇಲಿದ್ದವನು ಪೆಪೆ. ಲೆಕ್ಕ ಮುಗೀತು.”

“ಸೆಟ್ಟನ್ನ ಆಮೇಲೆ ಜೋಡಿಸಿದಾರೆ.”

ಆ ಕಡೆ ಮೌನ. ಕೀಗನ್ ಯಾವತ್ತೂ ಮೌನವಾಗುವ ಆಸಾಮಿಯಲ್ಲ. ಚರ್ಚಿನಲ್ಲೂ ಪಿಸುಗುಟ್ಟುವವನು.

“ಯಾರು?” ಎಂದ ಕೊನೆಗೆ.

ಹ್ಯಾಲೊರನ್ ಹೇಳಿದ. ಅವಳ ಹೆಸರು ಹೇಳಿದ. ನಾಲಿಗೆಯ ಮೇಲೆ ಇಷ್ಟು ದಿನ ಸಕ್ಕರೆಯಂತಿದ್ದ ಹೆಸರು ಅವತ್ತು ಬೇವಾಗಿತ್ತು.

“ಬೇರೆ ಯಾರಿಗಾದ್ರೂ ಗೊತ್ತಾ?”

“ಸೋಲ್‌ಗೆ ಅನುಮಾನ. ಮಾತಾಡಲ್ಲ.”

“ಒಳ್ಳೇದಾಯ್ತು. ಒಳ್ಳೇದಾಯ್ತು ಗಸ್. ನಿನ್ನ ಸಂಕಟ ನನಗೆ ಅರ್ಥವಾಗುತ್ತೆ ಕಣೋ. ನೀನೇನೂ ಮಾಡ್ಬೇಡ, ನಾನೇ ಹೋಗ್ತೀನಿ.”

“ನಾನು ಮೊದಲು ಹೋಗ್ತೀನಿ. ಅವಳ ಬಾಯಿಂದಲೇ ಕೇಳ್ಬೇಕು ಡ್ಯಾನ್. ಸ್ವಲ್ಪ ಹೊತ್ತು ಕೊಡು.”

“ಕಾಫಿ ಕುಡಿಯೋಷ್ಟು ಹೊತ್ತು,” ಎಂದು ಕೀಗನ್ ಫೋನಿಟ್ಟ.

*

ಲೋರ್ನಾ ಇದ್ದದ್ದು ಅಂಗಳದ ಸುತ್ತ ಒಂದೊಂದೇ ಕೋಣೆಯ ಪುಟ್ಟ ಮನೆಗಳು ಸಾಲಾಗಿ ನಿಂತ ವಠಾರದಲ್ಲಿ. ಮಧ್ಯಾಹ್ನದ ಬಿಸಿಲು ಬಿಳಿ ಗೋಡೆಗಳಿಗೆ ಬಡಿದು ಕಣ್ಣು ಕುಕ್ಕುತ್ತಿತ್ತು. ಪಕ್ಕದ ಮನೆಯ ಮಿಸೆಸ್ ಟಟಲ್ ಹೂವಿನ ಕುಂಡಗಳಿಗೆ ನೀರು ಹಾಕುತ್ತಿದ್ದವಳು ಅವನನ್ನು ಕಂಡು ಸೊಂಟಕ್ಕೆ ಕೈಯಿಟ್ಟಳು.

“ಏನಪ್ಪಾ, ದಾರಿ ಮರೆತು ಬಂದ್ಯಾ? ಆ ಹುಡುಗಿ ಕಾರಿನ ಸದ್ದಾದಾಗಲೆಲ್ಲ ಕಿಟಕಿಗೆ ಓಡಿ ಓಡಿ ಕಡ್ಡಿಯಾಗಿದಾಳೆ. ಗಂಡಸರ ಜಾತೀನೇ ಇಷ್ಟು. ನನ್ನ ಟಟಲ್ ಸಾಯೋವರೆಗೂ ಹೀಗೇ ಇದ್ದ.”

“ಕೆಲಸ ಇತ್ತು ಮಿಸೆಸ್ ಟಟಲ್.”

“ಕೆಲಸವಂತೆ ಕೆಲಸ!”

ಬಾಗಿಲು ತಟ್ಟುವ ಮೊದಲೇ ತೆರೆಯಿತು. ಲೋರ್ನಾ ನೀಲಿ ಚುಕ್ಕೆಯ ಫ್ರಾಕಿನಲ್ಲಿ ನಿಂತಿದ್ದಳು. ಕಣ್ಣ ಕೆಳಗೆ ಕಪ್ಪು. ಅವನನ್ನು ನೋಡಿದ ಕೂಡಲೇ ಆ ಮುಖದಲ್ಲಿ ಮೊದಲು ಬಂದದ್ದು ಸಂತೋಷ, ಬಚ್ಚಿಡಲಾಗದ ಸಂತೋಷ. ಅದರ ಹಿಂದೆಯೇ ಭಯ.

“ಬಾ. ಕಾಫಿಗೆ ಇಟ್ಟಿದೀನಿ.”

“ನಾನು ಬರ್ತೀನಿ ಅಂತ ಗೊತ್ತಿತ್ತಾ?”

“ದಿನಾ ಎರಡು ಲೋಟಕ್ಕೆ ಇಡ್ತೀನಿ. ದಿನಾ ಒಂದು ಚೆಲ್ತೀನಿ.”

ಅವನು ಅಡಿಗೆ ಮೇಜಿನ ಬಳಿ ಕೂತ. ಎಷ್ಟು ಸಲ ಕೂತಿದ್ದ ಜಾಗ. ಆ ಕಿಟಕಿ, ಆ ಗಡಿಯಾರ, ಒಲೆಯ ಮುಂದೆ ಬೆನ್ನು ಮಾಡಿ ನಿಲ್ಲುವ ಈ ಹೆಣ್ಣು, ಇಷ್ಟಿದ್ದರೆ ಸಾಕು ಬದುಕಿಗೆ ಎಂದುಕೊಂಡಿದ್ದ. ಶುಕ್ರವಾರ ಸಮುದ್ರದ ಕಟ್ಟೆಯ ಹೋಟೆಲಿನಲ್ಲಿ ಅದನ್ನೇ ಹೇಳಬೇಕೆಂದು ಹೋಗಿದ್ದ. ಹೇಳಲು ಬಾಯಿ ತೆರೆದವನು ಬಿಲ್ಲು ತರಿಸಿ ಎದ್ದಿದ್ದ. ನಾಳೆ ಹೇಳೋಣ ಎಂದುಕೊಂಡಿದ್ದ, ಮೂರ್ಖ. ನಾಳೆ ಅನ್ನುವವನ ಮನೆ ಹಾಳು.

ಸುಮ್ಮನೆ ಕೈಚಾಚಿ ಸಕ್ಕರೆ ಡಬ್ಬಿಯನ್ನು ಮೇಜಿನ ಆ ತುದಿಗೆ ಸರಿಸಿದ. ಚಮಚವನ್ನು ತಿರುಗಿಸಿಟ್ಟ.

ಲೋರ್ನಾ ಕಾಫಿ ತಂದಳು. ಅವನ ಮುಖವನ್ನೇ ನೋಡುತ್ತಾ ಲೋಟ ಇಟ್ಟಳು. ಅವಳ ಎಡಗೈ ತಾನೇ ತಾನಾಗಿ ಹೋಗಿ ಡಬ್ಬಿಯನ್ನು ಮೊದಲಿದ್ದಲ್ಲಿಗೆ ಎಳೆದು ತಂದಿತು, ಚಮಚವನ್ನು ನೇರ ಮಾಡಿತು. ಅವಳಿಗದು ಗೊತ್ತೂ ಆಗಲಿಲ್ಲ.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ. ಹ್ಯಾಲೊರನ್ ಕಣ್ಣು ಮುಚ್ಚಿಕೊಂಡ.

“ಲೋರ್ನಾ, ಸೆಟ್ಟನ್ನ ಯಾಕೆ ಜೋಡಿಸಿದೆ?”

ಅವಳು ಕೂತಳು. ಯಾವ ಸೆಟ್ಟು ಎಂದು ಕೇಳಲಿಲ್ಲ. ಅಷ್ಟು ಗೌರವ ಅವನಿಗೆ ಕೊಟ್ಟಳು.

“ಹೇಗೆ ಗೊತ್ತಾಯ್ತು?”

“ಆ ಕುರ್ಚಿ ಶೂಟಿಂಗಿನಲ್ಲೇ ಬಿದ್ದಿತ್ತು. ಗ್ಲಾಸು ಕವುಚಿದ್ದೂ ಶೂಟಿಂಗಿನಲ್ಲೇ. ಶುಕ್ರವಾರ ನಾವಿಬ್ಬರೂ ಊಟಕ್ಕೆ ಹೋದಾಗ ಆಶ್ಬಿ ಕದ್ದು ಬೇರೆ ಕ್ಲೈಮ್ಯಾಕ್ಸ್ ತೆಗೆದಿದಾನೆ. ನೀನು ಬುಧವಾರದ್ದಕ್ಕೆ ಜೋಡಿಸಿಬಿಟ್ಟೆ.”

ಲೋರ್ನಾಳ ಬಾಯಿ ತೆರೆದೇ ಉಳಿಯಿತು. “ಅದು… ಅದು ಹೊಡೆದಾಟದ್ದಲ್ವಾ?”

“ಅಲ್ಲ.”

“ಅಯ್ಯೋ ದೇವರೇ!” ಅವಳು ನಕ್ಕಳು. ಅಳುವಿಗಿಂತ ಕೆಟ್ಟದಾಗಿತ್ತು ಆ ನಗು. “ಹೊಡೆದಾಟ ಆಗಿದೆ ಅಂದ್ಕೊಂಡೆ ಗಸ್. ಅದು ಯಾರಿಗೂ ಗೊತ್ತಾಗ್ಬಾರದು ಅಂತ ಎಲ್ಲಾ ಸರಿಮಾಡಿದೆ. ಒಂದೂ ತಪ್ಪಲಿಲ್ಲ. ತಪ್ಪದೇ ಇದ್ದದ್ದೇ ತಪ್ಪಾಯ್ತು.”

“ನಿನ್ನಿಂದ ಪೆಪೆ ಜೈಲಿನಲ್ಲಿದಾನೆ.”

“ಗೊತ್ತು. ಅನ್ನ ಗಂಟಲಲ್ಲಿ ಇಳೀತಿಲ್ಲ. ಕೋರ್ಟಿಗೆ ಹೋಗಿ ನಾನೇ ಮಾಡಿದ್ದು ಅಂತ ಹೇಳೋಣ ಅಂತ ನಿನ್ನೆ ಬಸ್ ಸ್ಟಾಪಿನವರೆಗೂ ಹೋಗಿದ್ದೆ.”

“ಮಾಡಿದ್ದು ನೀನಲ್ವಾ ಮತ್ತೆ?”

ಹೇಳು, ಹೌದು ಅನ್ನು, ಒಂದೇ ಸಲಕ್ಕೆ ಮುಗಿದುಹೋಗಲಿ. ಇಲ್ಲ ಅನ್ನು, ನಿನ್ನ ಕಾಲಿಗೆ ಬೀಳುತ್ತೇನೆ. ಎರಡೂ ಆಸೆ ಒಟ್ಟೊಟ್ಟಿಗೆ ಅವನ ಎದೆಯನ್ನು ಜಗ್ಗುತ್ತಿದ್ದವು.

ಲೋರ್ನಾ ಅವನನ್ನು ವಿಚಿತ್ರವಾಗಿ ನೋಡಿದಳು. “ನಾನಾ? ನನ್ನ ಹತ್ರ ಯಾಕೆ ನಾಟಕ, ಗಸ್? ನಾನು ನಿನ್ನ ಮೇಲೆ ಒಂದು ಮಾತೂ ಆಡಿಲ್ಲ. ಆಡೋದೂ ಇಲ್ಲ.”

“ನನ್ನ ಮೇಲೆ?”

“ಆಶ್ಬಿ ನನ್ನ ಬೆನ್ನು ಬಿಡ್ತಿಲ್ಲ, ಕೋಣೆ ಬಾಗಿಲಲ್ಲಿ ಅಡ್ಡ ನಿಲ್ತಾನೆ ಅಂತ ಶುಕ್ರವಾರ ಹೇಳಿದ್ನಲ್ಲ. ಅವನ ಕತ್ತು ಮುರೀತೀನಿ ಅಂದೆ ನೀನು. ಆಗ ನಿನ್ನ ಮುಖ ಹೇಗಿತ್ತು ಅಂತ ನೋಡಿದೀನಿ. ಸಂಜೆ ಮನೇಲಿ ಕೂತಿದ್ದವಳಿಗೆ ಮನಸ್ಸು ತಡೀಲಿಲ್ಲ, ನೀನು ಅಲ್ಲಿಗೆ ಹೋಗಿದ್ರೆ ಅಂತ. ಮಳೆಯಲ್ಲೇ ಓಡಿದೆ, ಪಕ್ಕದ ಬಾಗಿಲಿಂದ ಒಳಗೆ ಹೋದೆ. ಅವನು ಬಿದ್ದಿದ್ದ. ಕುರ್ಚಿ ಬಿದ್ದಿತ್ತು.” ಅವಳು ಎದ್ದು ಅಕ್ಕಿಯ ಡಬ್ಬದೊಳಗೆ ಬೆರಳಾಡಿಸಿ ಏನನ್ನೋ ತೆಗೆದಳು. “ಅವನ ಮುಷ್ಟಿಯಲ್ಲಿ ಇದು ಇತ್ತು.”

ಅವಳ ಅಂಗೈ ಮೇಲೆ ಒಂದು ಗುಂಡಿ. ಬೂದು ಬಣ್ಣದ ದೊಡ್ಡ ಗುಂಡಿ, ಮಳೆಕೋಟಿನದು. ಕಿತ್ತುಬಂದ ಕಂದು ದಾರ ಅದಕ್ಕಿನ್ನೂ ಅಂಟಿಕೊಂಡಿತ್ತು.

ಹ್ಯಾಲೊರನ್‌ಗೆ ಆ ದಾರದ ಗುರುತು ಹತ್ತದಿರುತ್ತದೆಯೇ? ಶುಕ್ರವಾರ ಹೋಟೆಲಿನಲ್ಲಿ ಊಟ ಬರುವಷ್ಟರಲ್ಲಿ ಅವನ ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು ಅವಳೇ ಹೊಲಿದದ್ದು. “ಬೂದು ದಾರ ಇಲ್ಲ, ಕಂದು ಹಾಕ್ತೀನಿ, ಯಾರು ನೋಡ್ತಾರೆ?” ಎಂದಿದ್ದಳು. ಹಲ್ಲಿನಿಂದ ದಾರ ಕಡಿಯುವಾಗ ಅವಳ ಕೆನ್ನೆ ಅವನ ಕೋಟಿಗೆ ತಾಗಿತ್ತು. ಆ ಕೋಟು ಗುಂಡಿಯಿಲ್ಲದೇ ಈಗ ಅವನ ಆಫೀಸಿನ ಗೂಟದಲ್ಲಿ ನೇತಾಡುತ್ತಿದೆ. ಬೇರೆ ಯಾರಿಂದಲೂ ಹೊಲಿಸಲು ಮನಸ್ಸು ಬಂದಿರಲಿಲ್ಲ.

“ನನಗೋಸ್ಕರನಾ?” ಎಂದ. “ನಾನೇ ಕೊಂದೆ ಅಂದ್ಕೊಂಡು, ನನಗೋಸ್ಕರ ಇಷ್ಟೆಲ್ಲಾ ಮಾಡಿದ್ಯಾ?”

“ಮತ್ತೆ ಇನ್ಯಾರಿಗೆ ಮಾಡ್ಲಿ? ನೀನು ಬರ್ತೀಯ, ಹೇಳ್ತೀಯ ಅಂತ ಕಾದೆ. ಬರಲೇ ಇಲ್ಲ. ನನ್ನ ಮುಖ ನೋಡೋಕೂ ಆಗ್ತಿಲ್ಲ ಅವನಿಗೆ ಅಂದ್ಕೊಂಡೆ.”

“ನೀನು ಫೋನ್ ಎತ್ತಲಿಲ್ಲ ಕಣೇ!”

“ಎತ್ತಿದ್ರೆ ಅಳ್ತಿದ್ದೆ. ಪೊಲೀಸರು ಕದ್ದು ಕೇಳ್ತಾರೆ ಅಂತ ನೀನೇ ಹೇಳಿದ್ದೆಯಲ್ಲ.”

ಇಷ್ಟು ದಿನ ಇವನು ಅವಳ ಬೀದಿಯ ತುದಿಗೆ ಬಂದು ಕಾರು ತಿರುಗಿಸಿಕೊಂಡು ಹೋಗುತ್ತಿದ್ದ. ಅವಳು ಕಿಟಕಿಯ ಪರದೆ ಹಿಡಿದು ನಿಲ್ಲುತ್ತಿದ್ದಳು. ಇಂಥ ಪ್ರೀತಿಗೆ ಏನು ಹೇಳೋಣ!

“ಲೋರ್ನಾ, ನಾನು ಕೊಂದಿಲ್ಲ. ನಿನ್ನಾಣೆ.”

“ಹಾಗಾದ್ರೆ ಈ ಗುಂಡಿ?”

“ನಿನ್ನನ್ನ ಮನೆಗೆ ಬಿಟ್ಟು ಆಫೀಸಿಗೆ ಹೋದೆ. ಮಳೆ ಶುರುವಾಗಿತ್ತು. ಅಲ್ಲಿ ಒಬ್ಬ ನನಗೋಸ್ಕರ ಕಾಯ್ತಾ ಕೂತಿದ್ದ. ಸ್ಟುಡಿಯೋಗೆ ಹೋಗ್ಬೇಕು, ಮಳೆ ಬರ್ತಿದೆ, ಕೋಟು ಕೊಡು ಅಂದ. ಕೊಟ್ಟೆ. ಎರಡು ದಿನ ಬಿಟ್ಟು ತಂದುಕೊಟ್ಟ, ಗುಂಡಿ ಎಲ್ಲೋ ಬಿದ್ದುಹೋಯ್ತು ಮಾರಾಯ, ತಪ್ಪು ತಿಳ್ಕೋಬೇಡ ಅಂತ ನಕ್ಕ. ನಾನೂ ನಕ್ಕೆ.”

“ಯಾರು ಗಸ್?”

ಶನಿವಾರ ಬೆಳಿಗ್ಗೆ ಆ ಸೆಟ್ಟಿಗೆ ಹೋದಾಗ ಕೀಗನ್‌ಗೆ ಹೇಗಾಗಿರಬೇಡ! ತಾನು ಬಿಟ್ಟುಹೋದಾಗ ಉರುಳಿದ್ದ ಕುರ್ಚಿ ಎದ್ದು ನಿಂತಿದೆ. ಕಿತ್ತುಹೋದ ಗುಂಡಿಗಾಗಿ ನೋಡಿದರೆ ಹೆಣದ ಮುಷ್ಟಿ ಬರಿದಾ‌ಗಿದೆ. ಯಾರೋ ಬಂದಿದ್ದಾರೆ, ಯಾರೋ ಕಂಡಿದ್ದಾರೆ. ಯಾರು ಎಂದು ಅವತ್ತಿನಿಂದ ಊರೆಲ್ಲ ಹುಡುಕುತ್ತಿದ್ದವನಿಗೆ ಇವತ್ತು ಔಷಧಿ ಅಂಗಡಿಯ ಫೋನಿನಿಂದ ಹೆಸರು ಹೇಳಿದವನು ಗಸ್ ಹ್ಯಾಲೊರನ್. ಹೆಸರೂ ಹೇಳಿದ, ಬೇರೆ ಯಾರಿಗೂ ಗೊತ್ತಿಲ್ಲ ಎಂದೂ ಹೇಳಿದ.

“ಡ್ಯಾನ್ ಕೀಗನ್,” ಎಂದ. “ಯಾಕೆ ಕೊಂದನೋ ನನಗೂ ಗೊತ್ತಿಲ್ಲ. ಲೋರ್ನಾ, ನನ್ನನ್ನ ಕ್ಷಮಿಸ್ಬೇಡ. ಇಲ್ಲಿಗೆ ಬರೋ ಮೊದಲು ಅವನಿಗೆ ಫೋನ್ ಮಾಡಿದೀನಿ. ನೀನೇ ಕೊಲೆಗಾರ್ತಿ ಅಂತ ಹೇಳಿದೀನಿ.”

ಲೋರ್ನಾ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

“ನಾನು ನಿನ್ನನ್ನ ಕೊಲೆಗಾರ ಅಂದ್ಕೊಂಡು ಬಚ್ಚಿಟ್ಟೆ,” ಎಂದಳು ಮೆಲ್ಲಗೆ. “ನೀನು ನನ್ನನ್ನ ಕೊಲೆಗಾರ್ತಿ ಅಂದ್ಕೊಂಡು ಹಿಡಿದುಕೊಟ್ಟೆ.”



ಹೊರಗೆ ಕಾರು ನಿಂತ ಸದ್ದು. ಒಂದೇ ಬಾಗಿಲು ತೆರೆದು ಮುಚ್ಚಿತು.

“ಹಿಂದೆ ಬಾಗಿಲಿದೆಯಾ?”

“ಇಲ್ಲ. ನಿನ್ನ ಹತ್ರ ಪಿಸ್ತೂಲು?”

“ಕಾರಿನಲ್ಲಿದೆ. ನಿನ್ನ ಮನೆಗೆ ಬರುವಾಗ ತರೋಕೆ ಮನಸ್ಸಾಗಲಿಲ್ಲ.” ಅವನು ಗುಂಡಿಯನ್ನು ಮುಷ್ಟಿಯಲ್ಲಿ ಬಿಗಿ ಹಿಡಿದ. “ಇದನ್ನ ಅವನ ಮೇಲಿನವರಿಗೆ ತೋರಿಸ್ತೀನಿ. ನಾಳೆ ಕೋರ್ಟಿನಲ್ಲಿ…”

“ಏನಂತ ತೋರಿಸ್ತೀಯ? ಕೋಟು ಯಾರದು? ನಿನ್ನದು. ದಾರ ಯಾರದು? ನನ್ನದು. ಅವನು ಅದನ್ನ ಹಾಕ್ಕೊಂಡಿದ್ದನ್ನ ಯಾರಾದ್ರೂ ನೋಡಿದಾರಾ?”

ಯಾರೂ ನೋಡಿರಲಿಲ್ಲ. ಅವನ ಗುಮಾಸ್ತೆ ಅಂದು ಬೇಗ ಮನೆಗೆ ಹೋಗಿದ್ದಳು. ಆ ಗುಂಡಿ ಜಗತ್ತಿನಲ್ಲಿ ಒಬ್ಬನ ಕಡೆಗೆ ಮಾತ್ರ ಬೆರಳು ತೋರಿಸುತ್ತಿತ್ತು, ಅದನ್ನು ಹಿಡಿದುಕೊಂಡು ನಿಂತವನ ಕಡೆಗೆ.

ಬಾಗಿಲ ಮೇಲೆ ಮೃದುವಾಗಿ ಎರಡು ಬಡಿತ.

“ಗಸ್, ಒಳಗಿದ್ದೀಯೇನೋ? ನಾನು ಡ್ಯಾನ್. ಒಬ್ಬನೇ ಬಂದಿದೀನಿ, ಸುಮ್ನೆ ಗಲಾಟೆ ಯಾಕೆ ಅಂತ. ಬಾಗಿಲು ತೆಗಿ, ಕೂತು ಮಾತಾಡೋಣ.”

ಕೊಲೆಗಾರ್ತಿಯನ್ನು ಹಿಡಿಯಲು ಬರುವ ಪೊಲೀಸಿನವನು ಒಬ್ಬನೇ ಬರುವುದಿಲ್ಲ. ಹ್ಯಾಲೊರನ್ ಲೋರ್ನಾಳನ್ನು ಹಿಂದಕ್ಕೆ ಸರಿಸಿ ಮುಂದೆ ಹೆಜ್ಜೆಯಿಟ್ಟ. ಅವಳು ಅವನ ತೋಳು ಹಿಡಿದು ತಡೆದಳು. ಅವನ ಮುಖವನ್ನು ಒಮ್ಮೆ ನೋಡಿದಳು, ಹಣೆಯಿಂದ ಗದ್ದದವರೆಗೆ, ನಿಧಾನವಾಗಿ.

“ಶುಕ್ರವಾರ ಏನೋ ಹೇಳೋಕೆ ಹೊರಟಿದ್ದೆ ನೀನು,” ಎಂದಳು. “ಏನು ಅದು?”

“ನನ್ನನ್ನ ಮದುವೆ ಆಗ್ತೀಯಾ ಅಂತ ಕೇಳ್ಬೇಕಿತ್ತು.”

“ಆಗ್ತಿದ್ದೆ,” ಎಂದಳು ಲೋರ್ನಾ.

ಮರುಕ್ಷಣ ಅವಳೇ ಹೋಗಿ ಬಾಗಿಲನ್ನು ಗೋಡೆಗೆ ಬಡಿಯುವಂತೆ ತೆರೆದಳು. ಕೀಗನ್‌ನ ಬಲಗೈ ಕೋಟಿನೊಳಗಿತ್ತು. ಅವನ ಪಕ್ಕದಿಂದ ನುಸುಳಿ ಅಂಗಳದ ಬಿಸಿಲಿಗೆ ಬಂದು ನಿಂತು, ಇಡೀ ವಠಾರಕ್ಕೆ ಕೇಳುವಂತೆ ಕೂಗಿದಳು:

“ಆಶ್ಬಿಯನ್ನ ಕೊಂದವಳು ನಾನು! ಎಲ್ಲರೂ ಕೇಳಿಸಿಕೊಳ್ಳಿ. ನಾನೇ ಕೊಂದದ್ದು, ಈ ಲೆಫ್ಟಿನೆಂಟ್ ನನ್ನನ್ನ ಠಾಣೆಗೆ ಕರ್ಕೊಂಡು ಹೋಗ್ತಿದಾರೆ!”

ಮಿಸೆಸ್ ಟಟಲ್‌ಳ ಕೈಯಿಂದ ನೀರಿನ ಡಬ್ಬ ಬಿತ್ತು. ಒಂದೊಂದೇ ಕಿಟಕಿ ತೆರೆಯಿತು, ಒಂದೊಂದೇ ತಲೆ ಹೊರಬಂತು. ಕೀಗನ್ ಸುತ್ತ ನೋಡಿದ. ಕೋಟಿನೊಳಗಿನ ಕೈ ಬರಿದಾಗಿ ಹೊರಗೆ ಬಂತು. ಇಷ್ಟು ಜನರ ಕಣ್ಣೆದುರು ತಾನು ಕರೆದೊಯ್ದ ಹೆಂಗಸು ದಾರಿಯಲ್ಲಿ ಸತ್ತರೆ ನಾಳೆ ಅವನು ಉತ್ತರ ಹೇಳಬೇಕು. ಅವಳಿಗೆ ಬೇಕಾದದ್ದೂ ಅದೇ ಎಂದು ಹ್ಯಾಲೊರನ್‌ಗೆ ಹೊಳೆಯಿತು. ಈಗ ತಾನು ಒಂದು ಮಾತಾಡಿದರೂ ಅವಳು ಗಳಿಸಿಕೊಟ್ಟ ಹೊತ್ತೆಲ್ಲ ಮಣ್ಣುಪಾಲು. ಬಾಗಿಲ ಚೌಕಟ್ಟು ಹಿಡಿದು ಹಲ್ಲು ಕಚ್ಚಿ ನಿಂತ.

ಅವಳ ಕೈಗೆ ಕೋಳ ಬಿತ್ತು. ತಿರುಗಿ, “ಒಲೆ ಆರಿಸಿಬಿಡು, ಗಸ್,” ಎಂದಳು, ಅಂಗಡಿಗೆ ಹೊರಟವಳ ಹಾಗೆ.

ಕೀಗನ್ ಅವಳ ಭುಜದ ಮೇಲೆ ಕೈಯಿಟ್ಟು ನಾಲ್ಕು ಹೆಜ್ಜೆ ನಡೆದು ನಿಂತ. ನೆರೆಯವರಿಗೆಲ್ಲ ಕೇಳುವಂಥ ದೊಡ್ಡ ದನಿಯಲ್ಲಿ, ಹಳೆಯ ಸಲುಗೆಯಿಂದ ಕರೆದ.

“ನೀನೂ ಠಾಣೆಗೆ ಬಾರೋ ಗಸ್, ಹೇಳಿಕೆ ಬರ್ಕೋಬೇಕು. ಅಂದಹಾಗೆ, ನಿನ್ನ ಆ ಬೂದು ಮಳೆಕೋಟು ಇದೆಯಲ್ಲ, ಅದನ್ನ ತರೋ ಕಷ್ಟ ತಗೋಬೇಡ. ನಾನು ಈ ಕಡೆ ಹೊರಟಾಗಲೇ ನಮ್ಮ ಹುಡುಗರು ಅದನ್ನ ನಿನ್ನ ಆಫೀಸಿಂದ ಠಾಣೆಗೆ ಎತ್ಕೊಂಡು ಹೋದ್ರು.”

ಲೋರ್ನಾಳ ಕಾಲು ತಡೆಯಿತು. ಅವಳು ತಿರುಗಿ ಹ್ಯಾಲೊರನ್‌ನ ಮುಚ್ಚಿದ ಮುಷ್ಟಿಯ ಕಡೆ ನೋಡಿದಳು. ಅವಳ ನೋಟ ಹೋದ ಕಡೆಗೇ ಕೀಗನ್‌ನ ಕಣ್ಣೂ ಹೋಯಿತು.